ಹುರುಳಿಯಲ್ಲಿ ಸಿಕ್ಕ ಹುಣಸೆ ಬೀಜ

ಹೋದ ತಿಂಗಳು ಒಂದು ಬೆಳಿಗ್ಗೆ ಹುರುಳಿ ಸಾರು ಮಾಡೋಣವೆಂದು ಜಗಲಿಯ ಮೇಲೆ ಮೊರ ಹಿಡಿದು ಕೂತಿದ್ದೆ. ಕಲ್ಲು, ಕಡ್ಡಿ, ಹುಳ ಹಿಡಿದ ಕಾಳು ಎಲ್ಲವನ್ನೂ ಒಂದು ಬದಿಗೆ ತಳ್ಳುತ್ತಿದ್ದ ಬೆರಳಿಗೆ ನುಣ್ಣಗೆ ಏನೋ ತಾಗಿತು. ಕನ್ನಡಕ ಒಳಗಿತ್ತು. ಆದರೂ ಬೆರಳಿಗೆ ಗೊತ್ತಾಯಿತು, ಹುಣಸೆ ಬೀಜ. ಅಂಗಡಿಯವನು ಹುಣಸೆಹಣ್ಣು ತೂಗಿದ ತಟ್ಟೆಯಲ್ಲೇ ಹುರುಳಿಯನ್ನೂ ತೂಗಿರಬೇಕು. ಅಷ್ಟೇ ವಿಷಯ. ಆದರೆ ನನ್ನ ಕೈ ಮೊರದೊಳಗೆ ನಿಂತೇಬಿಟ್ಟಿತು.

"ಅಜ್ಜಿ, ಇನ್ನೂ ಮೂರು ಸಿಕ್ಕಿದ್ರೆ ಚೌಕಾಬಾರ ಆಡಬೋದು" ಅಂದಳು ಜೆನಿ.

ಜೆನಿ ಅಂದರೆ ಜೆನಿಟಾ, ನನ್ನ ಮಗ ಅಂತೋಣಿಯ ಮಗಳು. ಒಂಬತ್ತು ವರ್ಷ. ಅವಳ ಬಗ್ಗೆ ಮಾತು ಶುರು ಮಾಡಿದರೆ ನನಗೆ ಊಟ ನಿದ್ದೆ ಬೇಡ, ಕೇಳುವವರಿಗೆ ಬೇಕಾಗುತ್ತದೆ. ಆ ವಾರ ಕಳೆದು ಬರುವ ಭಾನುವಾರ ಅವಳಿಗೆ ಮೊದಲ ಪರಮಪ್ರಸಾದ. ಯೇಸುವಿನ ಶರೀರವೆಂದು ನಾವು ನಂಬುವ ತೆಳ್ಳನೆಯ ರೊಟ್ಟಿಯ ಬಿಲ್ಲೆಯನ್ನು ನಮ್ಮ ಕ್ರೈಸ್ತರಲ್ಲಿ ಮಕ್ಕಳಿಗೆ ಬುದ್ಧಿ ಬರುವ ವಯಸ್ಸಿಗೆ ಮೊದಲ ಸಲ ಕೊಡುತ್ತಾರೆ. ಬಿಳಿ ಫ್ರಾಕು, ತಲೆಗೆ ಹೂವಿನ ಕಿರೀಟ, ಕೈಯಲ್ಲಿ ಮೇಣದಬತ್ತಿ. ಭಾನುವಾರ ಪರಮಪ್ರಸಾದ ಅಂದರೆ ಹಿಂದಿನ ಶನಿವಾರ ಪಾಪನಿವೇದನೆ. ಮಗು ಚರ್ಚಿನ ಗುರುಗಳ ಹತ್ತಿರ ಹೋಗಿ ಮಂಡಿಯೂರಿ ತನ್ನ ಪಾಪಗಳನ್ನು ಹೇಳಿಕೊಂಡು ಹಗುರಾಗಿ ಬರಬೇಕು.

ನನ್ನ ಸಂತೋಷಕ್ಕೆ ಊರು ಸಾಲದಾಗಿತ್ತು. ಬಸ್ಸಿನ ಕಂಡಕ್ಟರಿಗೆ ಹೇಳಿದೆ. ಸ್ವೆಟರ್ ಮಾರಲು ಬರುವ ಬೈಲಕುಪ್ಪೆಯ ಟಿಬೆಟಿನ ಅಜ್ಜಿಗೆ ಹೇಳಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ತನ್ನ ಜಪಸರ ತೋರಿಸಿ ನಕ್ಕಳು, ನಾನೂ ನನ್ನದನ್ನು ತೋರಿಸಿ ನಕ್ಕೆ. ಹುಣಸೂರಿನ ದರ್ಜಿ ಸಾಬರ ಅಂಗಡಿಗೆ ಒಂದೇ ಫ್ರಾಕಿಗಾಗಿ ನಾಲ್ಕು ಸಲ ಹೋದೆ.

"ಏನಮ್ಮಾ, ಮಗು ದಿನಾ ಬೆಳೀತದಾ? ದಿನಾ ಹೊಸಾ ಅಳತೆ ತರ್ತೀರಲ್ಲ!" ಅಂದರು ಸಾಬರು.

"ಬೆಳೀಲಿ ಬುಡಿ ಸಾಬ್ರೇ. ಪಾದ ಮುಚ್ಚಂಗಿರ್ಬೇಕು ಕಣ್ರೀ. ಪಾಪ ಹೇಳ್ಕಂಡು ಶುದ್ಧ ಆಗಿ ನಡ್ಕಂಡ್ ಬರ್ತಾಳೆ ಅವ್ಳು."

ಸಾಬರು ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ನನ್ನನ್ನೇ ನೋಡಿದರು. "ಗುನಾ ನಮ್ಮಲ್ಲೂ ಐತಮ್ಮಾ, ಚಿಕ್ಕದು ಬೇರೆ ದೊಡ್ಡದು ಬೇರೆ. ಆದ್ರೆ ಒಂಬತ್ ವರ್ಷದ ಮಗೀಗೆ ಏನಮ್ಮಾ ಪಾಪ?"

ನಗುತ್ತಲೇ ಅಂಗಡಿಯಿಂದ ಬಂದೆ. ಕಟ್ಟೆಮಳಲವಾಡಿ ಕಡೆಯ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ ನಗು ನಿಂತಿತು. ಒಂಬತ್ತು ವರ್ಷದ ಮಗುವಿಗೆ ಏನು ಪಾಪ ಅಂತ ನನ್ನನ್ನು ಕೇಳಿದರಲ್ಲ, ಅದೂ ನನ್ನನ್ನು!

ಈಗಿನ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಮಿಸ್ಸು ಬಲು ಚುರುಕು. ಜೆನಿ ಕಲಿತು ಬಂದು ನನಗೆ ಪಾಠ ಮಾಡುತ್ತಿದ್ದಳು. "ಅಜ್ಜಿ, ಪಾಪ ಎರಡು ಥರ. ಅಲ್ಪ ಪಾಪ, ಮಾರಕ ಪಾಪ. ಅಲ್ಪ ಪಾಪ ಅಂದ್ರೆ ಮೊಬೈಲ್ ಬ್ಯಾಟರಿ ಕಮ್ಮಿ ಆದಂಗೆ. ದೇವರ ಜೊತೆ ಮಾತಾಡಬೋದು, ಆದ್ರೆ ವೀಕು. ಮಾರಕ ಪಾಪ ಅಂದ್ರೆ ಸ್ವಿಚ್ ಆಫ್."

"ಆಮೇಲೆ?"

"ಆಮೇಲೆ ಫಾದರ್ ಹತ್ರ ಹೋಗಿ ಚಾರ್ಜ್ ಮಾಡಿಸ್ಕೋಬೇಕು." ಆಮೇಲೆ ಮೂರು ಬೆರಳು ನಿಲ್ಲಿಸಿ ಒಂದೊಂದನ್ನೇ ಮಡಚುತ್ತಾ ಹೇಳಿದಳು. "ಸುಮ್ ಸುಮ್ನೆ ಮಾರಕ ಪಾಪ ಆಗಲ್ಲ ಅಜ್ಜಿ. ವಿಷಯ ದೊಡ್ಡದಿರ್ಬೇಕು. ತಪ್ಪು ಅಂತ ಚೆನ್ನಾಗಿ ಗೊತ್ತಿರ್ಬೇಕು. ಗೊತ್ತಿದ್ದೂ ಬೇಕೂಂತಲೇ ಮಾಡಿರ್ಬೇಕು. ಮೂರೂ ಇದ್ರೇನೇ ಸ್ವಿಚ್ ಆಫ್."

ಅವಳ ಪುಟ್ಟ ಮುಷ್ಟಿ ನೋಡಿ ಮುತ್ತಿಟ್ಟೆ. ನಮ್ಮ ಕಾಲದಲ್ಲಿ ಈ ಮೂರು ಬೆರಳು ಯಾರೂ ತೋರಿಸಲಿಲ್ಲ. ತೋರಿಸಿದ್ದರೂ ನನ್ನ ತಲೆಗೆ ಹತ್ತುತ್ತಿತ್ತೋ ಇಲ್ಲವೋ. ನಾಲ್ಕನೇ ಕ್ಲಾಸು ಮುಗಿಸಿದೆ, ಐದನೆಯದಕ್ಕೆ ಹೊಗೆಸೊಪ್ಪು ಅಡ್ಡ ಬಂತು. ಸೊಪ್ಪನ್ನು ಕಡ್ಡಿಗೆ ಕಟ್ಟುವುದಕ್ಕೆ ಪುಟ್ಟ ಬೆರಳುಗಳೇ ಬೇಕಿತ್ತು.

ನಮ್ಮ ಕಾಲದಲ್ಲಿ ಪಾಪ ಅಂದರೆ ಕಾಳು. ಬಿಡಿಸಿ ಹೇಳುತ್ತೇನೆ.

ನಮ್ಮ ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ವಾರವಿಡೀ ಮಾಡಿದ ಪಾಪಗಳು ಶನಿವಾರ ಗುರುಗಳ ಮುಂದೆ ನೆನಪಾಗದೆ ಹೋದರೆ? ಅದಕ್ಕೆ ಅವಳೇ ಒಂದು ದಾರಿ ಕಂಡುಹಿಡಿದಿದ್ದಳು. ಮರಿಯಾ ಮಾತೆಯ ಪಟದ ಕೆಳಗಿನ ಗೂಡಿನಲ್ಲಿ ಹಾಲುಪುಡಿಯ ಹಳೇ ಡಬ್ಬಿ. ಪಕ್ಕದಲ್ಲಿ ಒಂದು ಕರಟದ ತುಂಬ ಹುರುಳಿ. ಸಂಜೆ ಜಪಸರ ಮುಗಿದ ಮೇಲೆ ಎಲ್ಲರೂ ಆ ದಿನದ ತಪ್ಪು ನೆನೆದುಕೊಂಡು, ಒಂದಕ್ಕೆ ಒಂದರಂತೆ ಡಬ್ಬಿಯೊಳಗೆ ಕಾಳು ಹಾಕಬೇಕು. ಸುಳ್ಳಿಗೆ ಒಂದು ಕಾಳು. ಬೈದದ್ದಕ್ಕೆ ಒಂದು. ಜಪ ಮಾಡುವಾಗ ತೂಕಡಿಸಿದ್ದಕ್ಕೆ ಒಂದು. ಶನಿವಾರ ಮಧ್ಯಾಹ್ನ ಅವ್ವ ಡಬ್ಬಿಯನ್ನು ಮೊರಕ್ಕೆ ಸುರಿದು, "ಈ ವಾರ ಇಷ್ಟ್ ಆಗದೆ, ನಿಮ್ನಿಮ್ದು ನೆಪ್ಪು ಮಾಡ್ಕಳ್ರವ್ವಾ" ಅನ್ನುತ್ತಿದ್ದಳು. ಅವ್ವ, ಅಕ್ಕ, ನಾನು ಮೂವರೂ ಗುಡಿಗೆ ಹೋಗಿ (ಚರ್ಚಿಗೆ ನಾವು ಗುಡಿ ಅಂತಲೇ ಅನ್ನುವುದು) ಪಾಪ ಹೇಳಿ ಬರುತ್ತಿದ್ದೆವು. ಬಂದ ಮೇಲೆ ಆ ಕಾಳನ್ನೆಲ್ಲ ಅಂಗಳಕ್ಕೆ ಎರಚಿ ಕೋಳಿಗಳನ್ನು ಕರೆಯುತ್ತಿದ್ದಳು. ನಮ್ಮ ಮನೆಯ ಪಾಪ ತಿಂದು ತಿಂದು ನಮ್ಮ ಕೋಳಿಗಳು ಕೇರಿಯಲ್ಲೇ ದಪ್ಪಗಿದ್ದವು.

ಕರಟದ ಪಕ್ಕ ಇನ್ನೊಂದು ಕರಟ ಇತ್ತು. ಅದರಲ್ಲಿ ಹತ್ತು ಹುಣಸೆ ಬೀಜ. ಅವು ಮಾರಕ ಪಾಪಕ್ಕೆ, ಆತ್ಮವನ್ನೇ ಸಾಯಿಸುವ ಪಾಪಕ್ಕೆ. ಕೊಲೆ, ಹಾದರ, ದೇವರಿಗೆ ಮಾಡುವ ದ್ರೋಹ. ಯಾರೂ ಅದಕ್ಕೆ ಕೈ ಹಾಕಿದ್ದಿಲ್ಲ. "ಅವು ಅಲ್ಲೇ ಬಿದ್ದಿರ್ಲಿ. ಕಣ್ಗೆ ಬೀಳ್ತಿದ್ರೆ ಭಯ ಇರ್ತದೆ" ಅನ್ನುತ್ತಿದ್ದಳು ಅವ್ವ.

ಇನ್ನೊಂದು ಕಟ್ಟಳೆ ಇತ್ತು. ಯಾವ ಕಾಳು ಯಾರದ್ದು ಅಂತ ಯಾರೂ ಯಾರನ್ನೂ ಕೇಳುವಂತಿಲ್ಲ. ಅದು ಗುರುಗಳಿಗೂ ದೇವರಿಗೂ ಬಿಟ್ಟದ್ದು. ಕಾಳು ಹಾಕುವಾಗ ಉಳಿದವರು ಕಣ್ಣು ಮುಚ್ಚಿಕೊಂಡಿರಬೇಕು. ಅವ್ವನ ಈ ಕಟ್ಟಳೆ ಎಷ್ಟು ಒಳ್ಳೆಯದಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ನಮ್ಮ ಮನೆಯನ್ನು ಕೆಡಿಸಿದ್ದೂ ಅದೇ.

ಮನೆಯಲ್ಲಿದ್ದವರು ಮೂವರೇ. ಅವ್ವ, ಅಕ್ಕ, ನಾನು. ಅಪ್ಪ ಕೊಡಗಿನ ಕಾಫಿ ತೋಟದಲ್ಲಿ ಕೆಲಸಕ್ಕಿದ್ದ, ವರ್ಷಕ್ಕೆ ನಾಲ್ಕು ಸಲ ಬಂದರೆ ಹೆಚ್ಚು. ಅಕ್ಕ ಆರೋಗ್ಯಮ್ಮ ನನಗಿಂತ ಎಂಟು ವರ್ಷ ದೊಡ್ಡವಳು. ಹೊಗೆಸೊಪ್ಪು ವಿಂಗಡಿಸುವ ಶೆಡ್ಡಿನಲ್ಲಿ ಅವಳಷ್ಟು ಚುರುಕಿನವಳು ಇನ್ನೊಬ್ಬಳಿರಲಿಲ್ಲ. ಕಣ್ಣು ಮುಚ್ಚಿ ಎಲೆ ಮುಟ್ಟಿದರೆ ಸಾಕು, ಇದು ಒಂದನೇ ದರ್ಜೆ, ಇದು ಎರಡನೆಯದು, ಇದು ಕರಿ ಎಂದು ಹೇಳುತ್ತಿದ್ದಳು. ಏಳನೇ ಕ್ಲಾಸು ಓದಿದ್ದಳು. ಮೈಸೂರಿನ ಸಿಸ್ಟರುಗಳು ಅವಳನ್ನು ನೋಡಿ, "ಈ ಹುಡುಗೀನ ಕಳಿಸಿ, ನರ್ಸ್ ಕೆಲಸ ಕಲಿಸ್ತೀವಿ" ಅಂದಿದ್ದರು. ಅವ್ವ ಸಂತೆಯಿಂದ ಎರಡು ಬಿಳಿ ಸೀರೆ ತಂದು ಪೆಟ್ಟಿಗೆಯಲ್ಲಿಟ್ಟಿದ್ದಳು. ಅಕ್ಕ ದಿನಕ್ಕೆರಡು ಸಲ ಪೆಟ್ಟಿಗೆ ತೆಗೆದು ಸೀರೆ ಮೂಸುವುದು, ಮುಚ್ಚುವುದು. "ಅದು ಸೀರೆ ಕಣೇ, ಮಲ್ಲಿಗೆ ದಂಡೆ ಅಲ್ಲ" ಅಂತ ಅವ್ವ ನಗುತ್ತಿದ್ದಳು.

ಆ ವರ್ಷವೇ ನನಗೂ ಒಂಬತ್ತು ತುಂಬಿ, ಮೊದಲ ಪರಮಪ್ರಸಾದ. ಆಗ ಉಪದೇಶ ಹೇಳಿಕೊಡುತ್ತಿದ್ದವನು ಇನ್ನಾಸಪ್ಪ ಎಂಬ ಮುದುಕ. ಅವನು ನಮಗೆ ಕಲಿಸಿದ್ದರಲ್ಲಿ ನೆನಪಿರುವುದು ಒಂದೇ. "ಪರಮಪ್ರಸಾದ ನಾಲ್ಗೆ ಮ್ಯಾಲೆ ಕರಗ್ಬೇಕು. ಹಲ್ಲಿಗೆ ತಾಕುಸ್ಬ್ಯಾಡ್ರಲಾ. ಕಚ್ಚುದ್ರೆ ಯೇಸುನ್ನೇ ಕಚ್ದಂಗೆ!"

ಭಾನುವಾರ ಗುರುಗಳು ನನ್ನ ನಾಲಿಗೆಯ ಮೇಲಿಟ್ಟರು. ಭಯಕ್ಕೆ ಬಾಯಲ್ಲಿ ನೀರೇ ಇಲ್ಲ. ಅದು ಹೋಗಿ ಅಂಗುಳಕ್ಕೆ ಅಂಟಿಕೊಂಡಿತು. ನಾಲಿಗೆಯಿಂದ ತಳ್ಳಿದೆ, ಬರಲಿಲ್ಲ. ಇನ್ನೂ ತಳ್ಳಿದೆ. ಸರಕ್ಕನೆ ಕಿತ್ತುಬಂದು ದವಡೆಗೆ ಸಿಕ್ಕಿ 'ಕಟಕ್' ಎಂದಿತು. ಗುಡಿಗೆ ಗುಡಿಯೇ ಕೇಳಿಸಿಕೊಂಡಿತು ಅನ್ನಿಸಿತು ನನಗೆ.

ಮೂರು ದಿನ ನನಗೆ ಅನ್ನ ಸೇರಲಿಲ್ಲ. ದೇವರನ್ನು ಕಚ್ಚಿದವಳು ನಾನು. ಇದಕ್ಕೆ ಹುರುಳಿ ಸಾಲುತ್ತದೆಯೇ? ಬುಧವಾರ ಸಂಜೆ ಜಪ ಮುಗಿಯಿತು. ಅವ್ವ, ಅಕ್ಕ ಕಣ್ಣು ಮುಚ್ಚಿದರು. ನಾನು ಹುಣಸೆ ಬೀಜದ ಕರಟಕ್ಕೆ ಕೈ ಹಾಕಿ ಒಂದನ್ನು ಡಬ್ಬಿಗೆ ಬಿಟ್ಟೆ.

ಶನಿವಾರ ಅವ್ವ ಡಬ್ಬಿಯನ್ನು ಮೊರಕ್ಕೆ ಸುರಿದಳು. ಬೂದು ಕಾಳಿನ ನಡುವೆ ಆ ಕಂದು ಬೀಜ ಉರುಳಿಕೊಂಡು ಬಂದು ಮೊರದ ಅಂಚಿಗೆ ನಿಂತಿತು.

ಅವ್ವ ಅಕ್ಕನನ್ನು ನೋಡಿದಳು. ಅಕ್ಕ ಅವ್ವನನ್ನು ನೋಡಿದಳು. ನಾನು ಅಂಗಳದ ಕೋಳಿಯನ್ನು ನೋಡಿದೆ. ಇಬ್ಬರಲ್ಲಿ ಒಬ್ಬರೂ ನನ್ನ ಕಡೆ ನೋಡಲಿಲ್ಲ. ಒಂಬತ್ತು ವರ್ಷದ ಮಗುವಿಗೆ ಏನು ಪಾಪ?

ಯಾರೂ ಏನೂ ಕೇಳಲಿಲ್ಲ, ಕಟ್ಟಳೆ ಇತ್ತಲ್ಲ. ಅವ್ವ ಆ ಬೀಜವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ಅಕ್ಕ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಅವಳೂ ಅತ್ತಳು.

ಇಲ್ಲಿ ನೀವು ಕೇಳಬಹುದು, ನೀನು ಆಗಲೇ ಹೇಳಿಬಿಡಬಾರದಿತ್ತೇ ಅಂತ. ಹೇಳುವವಳಿದ್ದೆ. ಆ ಸಂಜೆ ಗುರುಗಳ ಮುಂದೆ ಮಂಡಿಯೂರಿ, "ಸ್ವಾಮಿ, ನಾನು ಯೇಸುನ್ನ ಕಚ್ಬುಟ್ಟೆ" ಅಂದೆ. ಅವರು ಜಾಲರಿಯ ಆಚೆ ನಕ್ಕರು. "ಅದು ಪಾಪವೇ ಅಲ್ಲ ಮಗು, ಹೋಗು" ಅಂದರು. ಕುಣಿದುಕೊಂಡು ಮನೆಗೆ ಬಂದೆ. ಪಾಪವೇ ಅಲ್ಲದ ಮೇಲೆ ಹೇಳುವುದೇನು? ಮನೆಯಲ್ಲಿ ಯಾಕೋ ಕತ್ತಲು ಕವಿದ ಹಾಗಿತ್ತು. ಬಾಯಿ ಬಿಟ್ಟರೆ ಏಟು ಬೀಳಬಹುದು ಅನ್ನಿಸಿತು. ನಾಳೆ ಹೇಳೋಣ ಅಂದುಕೊಂಡೆ. ನಾಳೆ ಭಾನುವಾರ, ಬಾಡೂಟದ ದಿನ, ಅದನ್ನು ಯಾಕೆ ಕೆಡಿಸುವುದು? ಸೋಮವಾರ ಹೇಳೋಣ.

ಅಪ್ಪ ಕೊಡಗಿನಿಂದ ಬಂದ. ಒಳಗೆ ಅವನೂ ಅವ್ವನೂ ಪಿಸುಗುಟ್ಟಿದರು. ಮೈಸೂರಿನ ಮಾತು ನಿಂತಿತು. ಅಕ್ಕನನ್ನು ಶೆಡ್ಡಿನ ಕೆಲಸದಿಂದ ಬಿಡಿಸಿದರು. ಎರಡು ತಿಂಗಳಲ್ಲಿ ಎಚ್.ಡಿ. ಕೋಟೆಯ ಆಚೆ, ಅಂತರಸಂತೆ ಕಡೆಯ ಒಬ್ಬ ಹೆಂಡತಿ ಸತ್ತವನಿಗೆ ಅವಳನ್ನು ಕೊಟ್ಟರು. ಅವನಿಗಾಗಲೇ ಇಬ್ಬರು ಮಕ್ಕಳಿದ್ದರು. ಪೆಟ್ಟಿಗೆಯ ಬಿಳಿ ಸೀರೆಯೊಂದನ್ನು ಅವ್ವ ಕೆಂಪು ಬಣ್ಣದ ಪುಡಿ ಕಲಸಿದ ಹಂಡೆಯಲ್ಲಿ ಅದ್ದಿದಳು. ಬಣ್ಣ ಸರಿಯಾಗಿ ಹಿಡಿಯಲಿಲ್ಲ. ಒಂದೆಡೆ ಕೆಂಪು, ಒಂದೆಡೆ ಬೆಳ್ಳಬೆಳ್ಳಗೆ. ಅದೇ ಧಾರೆಯ ಸೀರೆ. ಬೆವರಿಗೆ ಬಣ್ಣ ಇಳಿದು ಅಕ್ಕನ ಕುತ್ತಿಗೆಯೆಲ್ಲ ಕೆಂಪಾಗಿತ್ತು. ಊಟಕ್ಕೆ ಕೂತಾಗ ಎಲೆಗೆ ಹಾಕಿದ ಪಾಯಸವನ್ನು ಅವಳು ಮುಟ್ಟಲಿಲ್ಲ. ನನಗೆ ಆ ದಿನ ಹೊಸ ಲಂಗ. ಅಕ್ಕನ ಪಾಲಿನ ಪಾಯಸವನ್ನೂ ನಾನೇ ಕುಡಿದೆ.

ಇದಾಗಿ ಐವತ್ತೆಂಟು ವರ್ಷ.

ನೋಡಿ, ಪಾಪದ ವಿಷಯದಲ್ಲಿ ನನಗೆ ಗೊತ್ತಾದದ್ದು ಇಷ್ಟು. ಅದು ನಮ್ಮ ಜೊತೆ ಬೆಳೆಯುತ್ತದೆ. ಒಂಬತ್ತಕ್ಕೆ ನಾನು ಸುಮ್ಮನಿದ್ದದ್ದು ಒಂದು ಹುರುಳಿ ಕಾಳು. ಇಪ್ಪತ್ತಕ್ಕೆ, ನನಗೂ ಮದುವೆಯಾಗಿ ಗಂಡನ ಮನೆಯ ಕಷ್ಟ ಸುಖ ಗೊತ್ತಾದ ಮೇಲೆ, ಅದು ಅವರೆ ಕಾಳು. ಪ್ರತಿ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋಗುತ್ತಿದ್ದೆ. "ಸುಳ್ಳು ಹೇಳಿದ್ದೀನಿ, ಕೋಪ ಮಾಡ್ಕೊಂಡಿದ್ದೀನಿ" ಅನ್ನುತ್ತಿದ್ದೆ. ಹೊಗೆಸೊಪ್ಪಿನ ಹೊರೆಯಲ್ಲಿ ಕರಿ ಎಲೆಯನ್ನು ಒಳಗಿಟ್ಟು ಮೇಲೆ ಚಿನ್ನದ ಬಣ್ಣದ ಎಲೆ ಹೊದಿಸುತ್ತಾರಲ್ಲ, ಅದೇ ಕೆಲಸ. ಅಕ್ಕನ ವಿಷಯದಲ್ಲಿ ಬಾಯಿಬಿಟ್ಟು ನಾನು ಸುಳ್ಳೇನೂ ಹೇಳಿರಲಿಲ್ಲವಲ್ಲ ಎಂಬ ಸಮಾಧಾನ ಬೇರೆ. ಆದರೆ ಪೂಜೆಯ ಮೊದಲಲ್ಲಿ ಎಲ್ಲರೂ ಎದೆ ಬಡಿದುಕೊಂಡು ತಪ್ಪೊಪ್ಪುವ ಪ್ರಾರ್ಥನೆಯಲ್ಲಿ, ಮಾಡಬೇಕಾದ್ದನ್ನು ಮಾಡದೆ ಬಿಟ್ಟ ಪಾಪದ ಮಾತೂ ಬರುತ್ತದೆ. ಆ ಜಾಗಕ್ಕೆ ಬಂದಾಗೆಲ್ಲ ನನಗೆ ಕೆಮ್ಮು. ನಮ್ಮ ಸೊಸೆ ಮೇರಿ ಗುಡಿಗೆ ಹೊರಡುವಾಗ ಇವತ್ತಿಗೂ ಒಂದು ಶುಂಠಿ ಪೆಪ್ಪರಮೆಂಟು ಕೈಗಿಡುತ್ತಾಳೆ, ಪಾಪ.

ಅವ್ವ ಸಾಯುವಾಗ ನನಗೆ ನಲವತ್ತೆರಡು. ಜ್ವರದಲ್ಲಿ ಮಲಗಿದ್ದವಳು ನನ್ನ ಕೈ ಹಿಡಿದು, "ತೆರೇಜಿ, ಆರೋಗಿಗೆ ನಾನು ಅನ್ಯಾಯ ಮಾಡ್ಬುಟ್ನಾ? ಬಾಯ್ಬುಟ್ಟು ಒಂದ್ ಮಾತು ಕೇಳ್ಬೇಕಿತ್ತೇನೋ" ಅಂದಳು. ಆಗ ಅಕ್ಕ ಇನ್ನೂ ದಾರಿಯಲ್ಲಿದ್ದಳು, ಬಸ್ಸು ಸಿಕ್ಕಿರಲಿಲ್ಲ. ನಾನು ಅವ್ವನ ಹಣೆಗೆ ಒದ್ದೆ ಬಟ್ಟೆ ಹಾಕಿದೆ. "ಇಲ್ಲ ಕಣವ್ವ, ಮಲಕ್ಕೊ" ಅಂದೆ.

ವಿಷಯ ದೊಡ್ಡದು. ತಪ್ಪು ಅಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬೇಕೂಂತಲೇ. ಜೆನಿ ಮೂರು ಬೆರಳು ಮಡಚಿದಾಗ ನನಗೆ ಕಂಡದ್ದು ಆ ಒದ್ದೆ ಬಟ್ಟೆ.

ಜೆನಿಯ ಹಬ್ಬಕ್ಕೆ ಅಕ್ಕ ಶನಿವಾರ ಹನ್ನೊಂದರ ಬಸ್ಸಿಗೆ ಬಂದಿಳಿದಳು. ಅವಳಿಗೀಗ ಎಪ್ಪತ್ತೈದು. ಗಂಡ ಹೋಗಿ ಬಹಳ ಕಾಲವಾಯಿತು. ಸ್ವಂತ ಮಕ್ಕಳಿಲ್ಲ, ಸವತಿಯ ಮಕ್ಕಳನ್ನೇ ಸಾಕಿ, ಅವರ ಮಕ್ಕಳನ್ನೂ ಸಾಕಿದವಳು. ಕೈಯಲ್ಲಿ ಒಂದು ಚೀಲ. ಅದರ ತುಂಬ ಅಂತರಸಂತೆ ಕಡೆಯ ತನ್ನ ಹಳ್ಳಿಯಿಂದ ತಂದ ಅವರೆಕಾಯಿ.

"ಬಾರೇ ಮದ್ವಣಗಿತ್ತಿ" ಅಂತ ಜೆನಿಯನ್ನು ಅಪ್ಪಿಕೊಂಡಳು. "ಪಾಪ ಎಲ್ಲಾ ರೆಡಿ ಮಾಡ್ಕಂಡಿದ್ದೀಯಾ?"

"ಹನ್ನೊಂದು ಸಿಕ್ಕಿದೆ ದೊಡ್ಡಜ್ಜಿ. ಇನ್ನೊಂದು ಸಿಕ್ಕಿದ್ರೆ ಡಜನ್ ಆಗುತ್ತೆ."

"ನಿಮ್ಮಪ್ಪನ್ನ ಕೇಳು, ಅವ್ನತ್ರ ಮಿಕ್ಕಿರ್ತದೆ."

ನಗುವುದಕ್ಕೆ ಇನ್ನೇನು ಬೇಕು? ನಾವೆಲ್ಲ ನಕ್ಕೆವು. ಜೆನಿ ನನ್ನ ಕಡೆ ತಿರುಗಿ, "ಅಜ್ಜಿ, ನಾಳೆ ನೀನೂ ನನ್ನ ಪಕ್ಕಾನೇ ನಿಂತು ಪರಮಪ್ರಸಾದ ತಗೋಬೇಕು. ನಿನ್ನ ಪಾಪ ಎಲ್ಲಾ ಹೇಳಿ ಆಗಿದೆ ತಾನೆ? ಒಂದೂ ಬಿಟ್ಟಿಲ್ಲ ತಾನೆ?" ಅಂದಳು.

ಮಗುವಿನ ಕಣ್ಣಿನಲ್ಲಿ ಸಂಶಯದ ಒಂದು ಎಳೆಯೂ ಇರಲಿಲ್ಲ. ಬಿಟ್ಟಿಲ್ಲ ಅಂತಲೇ ಅವಳು ನಂಬಿದ್ದಳು. ಈ ಮಗುವಿನ ಪಕ್ಕದಲ್ಲಿ ನಿಂತು ನಾನು ಬಾಯಿ ತೆರೆಯಬೇಕು.

ಮಧ್ಯಾಹ್ನ ಜೆನಿಯನ್ನು ಕರೆದುಕೊಂಡು ಮೇರಿ ಗುಡಿ ಸಿಂಗರಿಸಲು ಹೋದಳು. ಅಂತೋಣಿ ಕುರ್ಚಿ ತರಲು ಹೋದ. ಜಗಲಿಯಲ್ಲಿ ನಾವಿಬ್ಬರೇ ಅವರೆಕಾಯಿ ಸುಲಿಯುತ್ತಾ ಕೂತೆವು. ಹುರುಳಿಯಲ್ಲಿ ಸಿಕ್ಕ ದಿನದಿಂದ ಮಡಿಲಲ್ಲೇ ಇಟ್ಟುಕೊಂಡಿದ್ದ ಆ ಹುಣಸೆ ಬೀಜ ತೆಗೆದು ಮೊರದೊಳಗೆ, ಅವಳ ಮುಂದೆ ಇಟ್ಟೆ.

ಅಕ್ಕ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. "ಇದ್ಯಾಕ್ಲೇ ಈಗ?" ಅಂದಳು.

"ಅವತ್ತು ಡಬ್ಬಿಗೆ ಹಾಕಿದ್ದು ನಾನು ಕಣಕ್ಕ."

"ಏನು?"

"ಪರಮಪ್ರಸಾದ ಹಲ್ಲಿಗೆ ಕಚ್ಕಂಬುಟ್ಟಿತ್ತು. ಮಾರಕ ಪಾಪ ಅಂದ್ಕಂಡು ಹಾಕ್ದೆ. ಗುರುಗಳು ಪಾಪವೇ ಅಲ್ಲ ಅಂದ್ರು. ಆಮೇಲೆ ಹೇಳ್ನಿಲ್ಲ. ನಿನ್ನ ಮದ್ವೆ ಆಯ್ತು, ಆಗ್ಲೂ ಹೇಳ್ನಿಲ್ಲ. ಸಾಯೋ ಮುಂಚೆ ಅವ್ವ ಕೇಳುದ್ಲು, ಆರೋಗಿಗೆ ಅನ್ಯಾಯ ಮಾಡ್ಬುಟ್ನಾ ಅಂತ. ಆಗ್ಲೂ..." ಬೈಯಲಿ, ಮೊರ ಎತ್ತಿ ತಲೆಗೆ ಕುಕ್ಕಲಿ ಅಂತ ಕಾದೆ.

ಅಕ್ಕ ನನ್ನ ಕಡೆ ಬಾಗಿದಳು. "ಅವ್ವ ಕೇಳುದ್ಲಾ? ಅಂದ್ರೆ ಅವ್ವ... ನಂದು ಅಂದ್ಕಂಡಿದ್ಲಾ? ಈ ಬೀಜ ನಂದು ಅಂತ?"

"ಇನ್ಯಾರ್ದು ಅಂದ್ಕಂಡಾಳು? ಅದ್ಕೇ ತಾನೆ ಮೈಸೂರಿಗೆ ಕಳಿಸ್ದೆ ಮದ್ವೆ ಮಾಡಿದ್ದು?"

"ನಾನು ಅವ್ವಂದು ಅಂದ್ಕಂಡಿದ್ನಲ್ಲೇ!"

ಅಕ್ಕ ಆ ಬೀಜವನ್ನು ಕೈಗೆತ್ತಿಕೊಂಡು ಮುಂದುವರಿಸಿದಳು.

"ಅವತ್ತು ಅವ್ವ ಒಲೆ ಮುಂದೆ ಕುಂತು ಅತ್ತಳಲ್ಲ. ತನ್ನ ಪಾಪ ನೆನೆಸ್ಕಂಡು ಅಳ್ತಾವ್ಳೆ ಅಂದ್ಕಂಡೆ. ಅಪ್ಪ ವರ್ಸಕ್ಕೆ ನಾಕ್ ಸಲ ಬರೋನು. ಅವ್ವಂಗೇನು, ಮೂವತ್ತಾರು ವಯಸ್ಸು. ಏನೋ ಆಗೋಗಿರ್ತದೆ, ಕೇಳ್ಬಾರ್ದು ಅಂತ ಸುಮ್ಕಾದೆ. ನಾನು ನೋಡ್ಬುಟ್ಟೆ ಅಂತ ನಾಚ್ಕಂಡು ನನ್ನ ದೂರಕ್ ಕಳಿಸ್ತಾವ್ಳೆ ಅಂದ್ಕಂಡೆ. ಓಗ್ಲಿ, ಅವ್ವಂಗೆ ನೆಮ್ಮದಿ ಆಗೋದಾದ್ರೆ ಓಗ್ಬುಡಾನ ಅಂತ ತಾಳಿಗೆ ಕತ್ತು ಕೊಟ್ಟೆ."

ನಾವು ಮೂವರೂ ಒಂದೇ ಒಲೆಯ ಅನ್ನ ಉಂಡವರು. ನಡುವೆ ಒಂದು ಹುಣಸೆ ಬೀಜ ಇಟ್ಟುಕೊಂಡು ಅವ್ವ, ಅಕ್ಕ ಇಬ್ಬರೂ ಒಬ್ಬರ ಪಾಪವನ್ನು ಒಬ್ಬರು ಹೊತ್ತು ತಿರುಗಿದ್ದರು, ಇಲ್ಲದ ಪಾಪವನ್ನು. ಇದ್ದ ಪಾಪ ಕೋಳಿ ನೋಡುತ್ತಾ ನಿಂತಿತ್ತು.

"ಅದ್ಕೇ ಕಣೇ ಸೀ ಬುಟ್ಟದ್ದು" ಅಂದಳು ಅಕ್ಕ.

ಅಕ್ಕನಿಗೆ ಸಿಹಿ ಆಗುವುದಿಲ್ಲ ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತು. ಹಬ್ಬದಲ್ಲಿ ಒಬ್ಬಟ್ಟು ಮುಟ್ಟುವುದಿಲ್ಲ, ಕಾಫಿಗೂ ಬೆಲ್ಲ ಬೇಡ. ಡಾಕ್ಟರು ರಕ್ತ ನೋಡಿ ಸಕ್ಕರೆ ಕಾಯಿಲೆ ಇಲ್ಲವೇ ಇಲ್ಲ ಅಂದಾಗ ಅಂತೋಣಿ ತಮಾಷೆ ಮಾಡಿದ್ದ. ಕಾರಣ ಈಗ ಅಕ್ಕನೇ ಹೇಳಿದಳು. "ಅವ್ವನ ಪಾಪ ಕಳೀಲಿ, ಅವ್ಳ ಆತ್ಮ ಸ್ವರ್ಗಕ್ಕೆ ಓಗ್ಲಿ ಅಂತ ಅವತ್ತೇ ಬುಟ್ಟೆ. ಎಲ್ಲಿ ಕಮ್ಮಿ ಆಗ್ಬುಡ್ತದೋ ಅಂತ ಮತ್ತೆ ಮುಟ್ನೇ ಇಲ್ಲ" ಅಂದಳು.

ಆಮೇಲೆ ಅವಳು ಅಂದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ನನ್ನನ್ನು ಬೈಯಲಿಲ್ಲ. ಮೈಸೂರಿನ ಮಾತೆತ್ತಲಿಲ್ಲ, ಬಿಳಿ ಸೀರೆಯ ಮಾತೆತ್ತಲಿಲ್ಲ. ಎರಡೂ ಕೈಯನ್ನು ಮೊರದ ಮೇಲೆ ಇಟ್ಟುಕೊಂಡು, ತನಗೆ ತಾನೇ ಹೇಳಿಕೊಳ್ಳುವ ಹಾಗೆ, "ಅಂಗಾರೆ ನಮ್ಮವ್ವ ಏನೂ ಮಾಡಿರ್ನಿಲ್ಲ" ಅಂದಳು. ಮತ್ತೆ ಅಂದಳು, "ಏನೂ ಮಾಡಿರ್ನಿಲ್ಲ ಕಣೇ ತೆರೇಜಿ, ನಮ್ಮವ್ವ." ಅವಳ ಮುಖ ಅರಳಿತು. ಸುಕ್ಕೆಲ್ಲ ನೆನೆದು ಹೊಳೆಯಿತು. ಆ ಸಂತೋಷವನ್ನು ನೋಡುವುದಕ್ಕೆ ನನ್ನಿಂದ ಆಗಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಐದು ಗಂಟೆಗೆ ಪಾಪನಿವೇದನೆಯ ಗಂಟೆ ಬಾರಿಸಿತು. ಅಕ್ಕ ಸೆರಗು ಹೊದ್ದು ಎದ್ದಳು. "ನಡಿ, ನಾನೂ ಬತ್ತೀನಿ."

"ನೀನ್ಯಾಕಕ್ಕ? ನೀನೇನ್ ಪಾಪ ಮಾಡಿದ್ದೀಯ?"

"ಐವತ್ತೆಂಟು ವರ್ಸ ಹೆತ್ತವ್ವನ ಮ್ಯಾಲೆ ಕೆಟ್ದಾಗಿ ತಿಳ್ಕಂಡಿದ್ನಲ್ಲೇ. ಅದೇನ್ ಚಿಕ್ಕದಾ?"

ಅದನ್ನೂ ನಾನೇ ಮಾಡಿಸಿದ್ದೆ. ಅವಳ ಡಬ್ಬಿಗೂ ಬೀಜ ಹಾಕಿದವಳು ನಾನೇ.

ಸಾಲಿನಲ್ಲಿ ಮುಂದೆ ಮಕ್ಕಳು, ಆಮೇಲೆ ಅಕ್ಕ, ಅವಳ ಹಿಂದೆ ನಾನು. ಜೆನಿ ಹನ್ನೊಂದು ಪಾಪ ಹೇಳಿ ಓಡುತ್ತಾ ಬಂದು, "ಅಜ್ಜಿ, ಪ್ರಾಯಶ್ಚಿತ್ತಕ್ಕೆ ಫಾದರ್ ಮೂರು ನಮೋ ಮರಿಯಾ ಜಪ ಹೇಳು ಅಂದ್ರು" ಅಂತ ಕಿವಿಯಲ್ಲಿ ಹೇಳಿದಳು. ಅಕ್ಕ ಹೋಗಿ ಬಂದಳು. ಏನು ಅಂತ ಕಣ್ಣಲ್ಲೇ ಕೇಳಿದೆ. ಮೂರು ಬೆರಳು ತೋರಿಸಿದಳು. ನಮ್ಮ ಫಾದರ್ ಇನ್ನೂ ಹುಡುಗ, ಎಲ್ಲರಿಗೂ ಮೂರೇ ಕೊಡುತ್ತಾರೆ.

ನಾನು ಮಂಡಿಯೂರಿದೆ. ಹುಣಸೆ ಬೀಜದಿಂದ ಒದ್ದೆ ಬಟ್ಟೆಯವರೆಗೆ ಒಂದೂ ಬಿಡದೆ ಹೇಳಿದೆ. "ನಿಮ್ಮ ಅಕ್ಕನಿಗೆ ಹೇಳಿದಿರಾ?" ಅಂದರು ಫಾದರ್. ಇವತ್ತು ಹೇಳಿದೆ ಅಂದೆ. "ದೇವರು ಕ್ಷಮಿಸಿದ್ದಾನೆ, ಸಮಾಧಾನದಿಂದ ಹೋಗಿ. ಮೂರು ನಮೋ ಮರಿಯಾ ಹೇಳಿಕೊಳ್ಳಿ." ನನಗೂ ಮೂರೇ. ಬೆಂಚಿನಲ್ಲಿ ಅಕ್ಕನ ಪಕ್ಕ ಕೂತೆ. ಅವಳ ಮೂರು ಎಂದೋ ಮುಗಿದಿರಬೇಕು. ಜಪಸರದ ಮಣಿ ಇನ್ನೂ ಸರಿಯುತ್ತಲೇ ಇತ್ತು.

ಭಾನುವಾರ ಜೆನಿಯನ್ನು ನೀವು ನೋಡಬೇಕಿತ್ತು. ಸಾಬರ ಫ್ರಾಕು ಪಾದ ಮುಚ್ಚಿ ನೆಲ ಸವರುತ್ತಿತ್ತು. ಈಗಿನ ಮಕ್ಕಳು ಪರಮಪ್ರಸಾದವನ್ನು ಅಂಗೈಯಲ್ಲಿ ತೆಗೆದುಕೊಂಡು ತಾವೇ ಬಾಯಿಗೆ ಹಾಕಿಕೊಳ್ಳುತ್ತಾರೆ. ನನ್ನ ಪಕ್ಕದಲ್ಲೇ ನಿಂತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಹಾಯಾಗಿ ಕಟಕಟ ಅಗಿದಳು. ಆ ಸದ್ದು ಕೇಳಿ ನನ್ನ ಕಣ್ಣು ತುಂಬಿ ಹರಿಯಿತು. ಸಂತೋಷಕ್ಕೆ ಅಳುತ್ತಿದ್ದಾಳೆ ಮುದುಕಿ ಅಂದುಕೊಂಡರು ಎಲ್ಲರೂ. ಅದೂ ಸುಳ್ಳಲ್ಲ.

ಮನೆಯ ಮುಂದೆ ಚಪ್ಪರ, ಸಾಲಾಗಿ ಎಲೆ. ಜೆನಿ ಬಿಳಿ ಫ್ರಾಕಿನ ಮೇಲೆ ಮೇರಿಯ ಟವೆಲು ಕಟ್ಟಿಕೊಂಡು ತಾನೇ ಪಾಯಸ ಬಡಿಸುತ್ತೇನೆಂದು ಹಟ ಹಿಡಿದಿದ್ದಳು. ಅಕ್ಕನ ಎಲೆಯ ಹತ್ತಿರ ಬಂದವಳು ಅಭ್ಯಾಸದಂತೆ ದಾಟಿ ನನ್ನ ಮುಂದೆ ನಿಂತಳು.

"ಜೆನಿ" ಅಂತ ಕರೆದಳು ಅಕ್ಕ. "ನಂಗೂ ಒಂಚೂರು ಹಾಕವ್ವ."

"ದೊಡ್ಡಜ್ಜಿ, ನಿಂಗೆ ಸಿಹಿ ಆಗಲ್ವಲ್ಲ?"

"ಇವತ್ತಿಂದ ಆಯ್ತದೆ."

ಜೆನಿ ನನ್ನ ಮುಖ ನೋಡಿದಳು. ಹಾಕು ಅಂತ ತಲೆಯಾಡಿಸಿದೆ. ಒಂದು ಸೌಟು ಹಾಕಿದಳು. ಅಕ್ಕ ಬೆರಳಿನಿಂದ ಸ್ವಲ್ಪ ತೆಗೆದುಕೊಂಡು ನಾಲಿಗೆಗೆ ಇಟ್ಟಳು. ಅಲ್ಲೇ ಹಿಡಿದುಕೊಂಡಳು, ಕರಗುವುದಕ್ಕೆ ಬಿಟ್ಟವರ ಹಾಗೆ. ಹದಿನೇಳಕ್ಕೆ ಬಿಟ್ಟದ್ದನ್ನು ಎಪ್ಪತ್ತೈದಕ್ಕೆ ಬಾಯಿಗಿಟ್ಟ ಆ ಮುಖವನ್ನು ನಾನು ನೋಡುತ್ತಾ ಕೂತೆ. ನನ್ನ ಎಲೆಯ ಪಾಯಸ ಹಾಗೇ ಹರಿದು ಅಂಚಿಗೆ ಬಂದಿತ್ತು.

ಅಕ್ಕ ನುಂಗಿದಳು. ನನ್ನ ಕಡೆ ತಿರುಗಿ ಕೇಳಿದಳು.

"ಇದು ಇಷ್ಟ್ ಸೀ ಇರ್ತಿತ್ತೇನೇ, ತೆರೇಜಿ?"